ಜೈಲಿನ ಗೇಟು ದಾಟುವ ಪತ್ರ: ವರ್ಷಾಂತ್ಯದ ರಜೆಯಲ್ಲಿ ಬಂಧಿತ ಹೋರಾಟಗಾರರಿಗೆ ನೆರವಾಗುವ ಸಮಗ್ರ ಮಾರ್ಗದರ್ಶಿ

ವರ್ಷದ ಕೊನೆಯ ಹತ್ತು ದಿನ ಜೈಲಿನಲ್ಲಿ ಎಲ್ಲವೂ ನಿಧಾನ. ಸಿಬ್ಬಂದಿ ರಜೆಯಲ್ಲಿರುತ್ತಾರೆ, ಅಂಚೆ ಚೀಲಗಳು ರಾಶಿ ಬೀಳುತ್ತವೆ, ಭೇಟಿಯ ದಿನಗಳು ಕಡಿಮೆಯಾಗುತ್ತವೆ, ವಕೀಲರು ಫೋನಿಗೆ ಸಿಗುವುದಿಲ್ಲ. ಪತ್ರಿಕೆಗಳ ಗಮನವೂ ಬೇರೆ ಕಡೆ. ಚೀನಾದ ಲೇಖಕ ಲಿಯು ಶಿಯಾವೊಬೊಗೆ 11 ವರ್ಷದ ಶಿಕ್ಷೆ ಪ್ರಕಟವಾದದ್ದು 2009ರ ಡಿಸೆಂಬರ್ 25ರಂದು. ಜೈಲಿನಲ್ಲಿದ್ದ ರಷ್ಯಾದ ವಿರೋಧಪಕ್ಷದ ನಾಯಕ ಅಲೆಕ್ಸಿ ನವಾಲ್ನಿ 2023ರ ಡಿಸೆಂಬರ್ ಮೊದಲ ವಾರದಿಂದ ಎಲ್ಲಿದ್ದಾರೆಂದು ವಕೀಲರಿಗೂ ತಿಳಿಯಲಿಲ್ಲ. ಪತ್ತೆಯಾದದ್ದು ಡಿಸೆಂಬರ್ 25ರಂದು, ಆರ್ಕ್ಟಿಕ್ ವೃತ್ತದ ಆಚೆಯ ಖಾರ್ಪ್ ಎಂಬಲ್ಲಿ. ಕಾಕತಾಳೀಯವೋ ಅಲ್ಲವೋ, ಹೊರಗಿನವರು ಕಣ್ಣು ಬೇರೆಡೆ ತಿರುಗಿಸಿದ ದಿನಗಳಲ್ಲಿ ಒಳಗಿನವರು ಹೆಚ್ಚು ಒಂಟಿ.

ಹಾಗೆಂದು ಡಿಸೆಂಬರ್ 20ಕ್ಕೆ ಮಿನುಗುವ ಕಾರ್ಡೊಂದನ್ನು ಅಂಚೆ ಡಬ್ಬಿಗೆ ಹಾಕಿದರೆ ಅದು ಬಹುಮಟ್ಟಿಗೆ ಕಸದ ಬುಟ್ಟಿಗೇ ಹೋಗುತ್ತದೆ. ನಿಮ್ಮ ಪತ್ರದ ಮೊದಲ ಓದುಗ ಕೈದಿಯಲ್ಲ, ಜೈಲಿನ ಅಂಚೆ ವಿಭಾಗದಲ್ಲಿ ಕೂತ ನೌಕರ. ಅವನಿಗೆ ತಡೆಯಲು ಕಾರಣ ಸಿಗದಂಥ ಪತ್ರ ಬರೆಯುವುದೇ ಈ ಕೆಲಸದ ಮುಕ್ಕಾಲು ಪಾಲು.

ಯಾರಿಗೆ, ಯಾವ ವಿಳಾಸಕ್ಕೆ

ಹೆಸರನ್ನು ಸುದ್ದಿಯಿಂದ ಎತ್ತಿಕೊಂಡು ನೇರವಾಗಿ ಬರೆಯಬೇಡಿ. ಆ ವ್ಯಕ್ತಿಗಾಗಿ ಕೆಲಸ ಮಾಡುತ್ತಿರುವ ಬೆಂಬಲ ಸಮಿತಿ, ವಕೀಲರು ಅಥವಾ ಕುಟುಂಬದವರನ್ನು ಮೊದಲು ಹುಡುಕಿ, ಮೂರು ಪ್ರಶ್ನೆ ಕೇಳಿ: ಅಪರಿಚಿತರ ಪತ್ರ ಬೇಕೇ? ಯಾವ ಭಾಷೆಯಲ್ಲಿ? ಈ ವಾರದ ಸರಿಯಾದ ವಿಳಾಸ ಯಾವುದು? ಕೆಲವು ಕುಟುಂಬಗಳು ಪ್ರಚಾರವೇ ಬೇಡ ಎನ್ನುತ್ತವೆ. ತೆರೆಮರೆಯಲ್ಲಿ ಬಿಡುಗಡೆಯ ಮಾತುಕತೆ ನಡೆಯುತ್ತಿರಬಹುದು. ಅಲ್ಲಿ ನಿಮ್ಮ ಉತ್ಸಾಹವೇ ಅಡ್ಡಗಾಲಾಗುತ್ತದೆ.

ಲಕೋಟೆಯ ಮೇಲೆ ದಾಖಲೆಯಲ್ಲಿರುವ ಪೂರ್ಣ ಹೆಸರು ಬೇಕು. ಹೋರಾಟದ ವಲಯದಲ್ಲಿ ಎಲ್ಲರೂ ಕರೆಯುವ ಹೆಸರು ಜೈಲಿನ ಪಟ್ಟಿಯಲ್ಲಿ ಇರುವುದಿಲ್ಲ. ಹೆಸರಿನ ಜೊತೆಗೆ ಏನು ಬೇಕೆಂಬುದು ದೇಶದಿಂದ ದೇಶಕ್ಕೆ ಬೇರೆ: ಅಮೆರಿಕದ ಫೆಡರಲ್ ಜೈಲುಗಳಿಗೆ ಎಂಟು ಅಂಕಿಯ ನೋಂದಣಿ ಸಂಖ್ಯೆ, ಬ್ರಿಟನ್ನಿನಲ್ಲಿ ಕೈದಿ ಸಂಖ್ಯೆ, ರಷ್ಯಾದಲ್ಲಿ ಪಿತೃನಾಮ ಮತ್ತು ಹುಟ್ಟಿದ ವರ್ಷ. ಇದರಲ್ಲಿ ಒಂದು ತಪ್ಪಿದರೂ ಪತ್ರ ಹಿಂದಿರುಗುತ್ತದೆ, ಅಥವಾ ಹಿಂದಿರುಗದೆಯೇ ಕಳೆದುಹೋಗುತ್ತದೆ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಇನ್ನೊಂದು ತಿರುವಿದೆ. ಪೆನ್ಸಿಲ್ವೇನಿಯಾದಲ್ಲಿ 2018ರಿಂದ ಕೈದಿಗಳ ಖಾಸಗಿ ಅಂಚೆ ಜೈಲಿಗೆ ಹೋಗುವುದಿಲ್ಲ. ಫ್ಲಾರಿಡಾದಲ್ಲಿರುವ ಖಾಸಗಿ ಕಂಪನಿಯೊಂದಕ್ಕೆ ಹೋಗಿ, ಅಲ್ಲಿ ಸ್ಕ್ಯಾನ್ ಆಗಿ, ಕೈದಿಗೆ ಪ್ರತಿ ಮಾತ್ರ ಸಿಗುತ್ತದೆ. ಇಂಥ ಕಡೆ ಜೈಲಿನ ವಿಳಾಸವೇ ಬೇರೆ, ಅಂಚೆಯ ವಿಳಾಸವೇ ಬೇರೆ. ಪುಸ್ತಕಕ್ಕೆ ಮತ್ತು ವಕೀಲರ ಪತ್ರಕ್ಕೆ ಪ್ರತ್ಯೇಕ ವಿಳಾಸಗಳೂ ಇರಬಹುದು.

ಅಕ್ಟೋಬರಿನಲ್ಲಿ ಸಿಕ್ಕ ವಿಳಾಸವನ್ನು ಅಂಚೆಗೆ ಹಾಕುವ ಹಿಂದಿನ ದಿನ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಕೈದಿಗಳನ್ನು ಹೇಳದೆ ಕೇಳದೆ ವರ್ಗಾಯಿಸುತ್ತಾರೆ. ವಿಚಾರಣಾಧೀನ ಕೈದಿಯ ಪತ್ರಗಳು ಕೆಲವು ದೇಶಗಳಲ್ಲಿ ತನಿಖಾಧಿಕಾರಿಯ ಅಥವಾ ನ್ಯಾಯಾಲಯದ ಕೈ ದಾಟಿ ಹೋಗಬೇಕು. ಅವರಿಗೆ ಬರೆಯುವುದಕ್ಕೆ ಇನ್ನೂ ಎರಡು ವಾರ ಹೆಚ್ಚು ಇಟ್ಟುಕೊಳ್ಳಿ.

ದಿನಾಂಕವನ್ನು ಹಿಂದಿನಿಂದ ಎಣಿಸಿ

ಬೇರೆ ದೇಶಕ್ಕಾದರೆ ಆರು ವಾರ, ಅದೇ ದೇಶದೊಳಗಾದರೆ ಮೂರು ವಾರ. ಅಂಚೆಗೆ ಬೇಕಾದ ದಿನಗಳಿಗಿಂತ ಜೈಲಿನೊಳಗೆ ಓದಿ, ಪರಿಶೀಲಿಸಿ, ಹಂಚುವ ದಿನಗಳೇ ಹೆಚ್ಚು. ಡಿಸೆಂಬರ್ ಕೊನೆಯ ವಾರಕ್ಕೆ ಕೈ ಸೇರಬೇಕಾದ ವಿದೇಶಿ ಪತ್ರ ನವೆಂಬರ್ ಮಧ್ಯದ ಹೊತ್ತಿಗೇ ಹೊರಡಬೇಕು.

ಈ ಲೆಕ್ಕಕ್ಕೆ ಹೊಂದುವ ದಿನಗಳು ಕ್ಯಾಲೆಂಡರಿನಲ್ಲಿ ಆಗಲೇ ಇವೆ. ನವೆಂಬರ್ 15 ಬಂಧಿತ ಲೇಖಕರ ದಿನ, ಲೇಖಕರ ಸಂಘಟನೆ ಪೆನ್ ಇಂಟರ್‌ನ್ಯಾಷನಲ್ 1981ರಿಂದ ಆಚರಿಸುತ್ತಿದೆ. ಡಿಸೆಂಬರ್ 1 ಯುದ್ಧವಿರೋಧಿ ಕೈದಿಗಳ ದಿನ, ಯುದ್ಧವಿರೋಧಿ ಸಂಘಟನೆ ವಾರ್ ರೆಸಿಸ್ಟರ್ಸ್ ಇಂಟರ್‌ನ್ಯಾಷನಲ್ 1956ರಿಂದ ನಡೆಸುತ್ತಿದೆ. ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಆ ದಿನದ ಆಸುಪಾಸಿನಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ನಡೆಸುವ ಪತ್ರ ಬರೆಯುವ ಅಭಿಯಾನ ಶುರುವಾದದ್ದು 2001ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ, 24 ಗಂಟೆ ಎಡೆಬಿಡದೆ ಪತ್ರ ಬರೆಯುವ ಪಂದ್ಯವಾಗಿ. ಜನ ಸೇರಿಸಿ ಪತ್ರ ಬರೆಯುವ ಕೂಟ ನಡೆಸುವವರು ನವೆಂಬರ್ 15ರ ಸುತ್ತ ವಿದೇಶಿ ಪತ್ರಗಳನ್ನೂ ಡಿಸೆಂಬರ್ 1ರ ಹೊತ್ತಿಗೆ ಒಳನಾಡಿನ ಪತ್ರಗಳನ್ನೂ ಮುಗಿಸಿದರೆ ಸರಿಹೋಗುತ್ತದೆ. ಡಿಸೆಂಬರ್ 10ರ ಸಭೆಯನ್ನು ಅಧಿಕಾರಿಗಳಿಗೆ ಬರೆಯುವ ಮನವಿಗಳಿಗೆ ಬಿಡಿ.

ಕೈದಿಯ ಹಬ್ಬ ಯಾವುದೆಂದೂ ಕೇಳಿ. ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಅನೇಕರಿಗೆ ಕ್ರಿಸ್‌ಮಸ್ ಜನವರಿ 7ಕ್ಕೆ. ಇರಾನಿನವರ ಹೊಸ ವರ್ಷ ನೌರೂಜ್ ಬರುವುದು ಮಾರ್ಚ್ 20-21ರ ಸುಮಾರಿಗೆ. ಯಾವ ಹಬ್ಬವನ್ನೂ ಆಚರಿಸದವರೂ ಉಂಟು. ಗೊತ್ತಿಲ್ಲದಿದ್ದರೆ "ಹೊಸ ವರ್ಷಕ್ಕೆ ನಿಮ್ಮ ನೆನಪಾಯಿತು" ಎಂದರೆ ಎಲ್ಲರಿಗೂ ಸಲ್ಲುತ್ತದೆ. ತಡವಾಯಿತೆಂದು ಬರೆಯುವುದನ್ನು ಬಿಡಬೇಡಿ. ಎಲ್ಲ ಕಾರ್ಡುಗಳೂ ಬಂದು ಮುಗಿದ ಮೇಲೆ ಜನವರಿ ಮೂರನೇ ವಾರದಲ್ಲಿ ಬರುವ ಪತ್ರಕ್ಕೆ ಬೇರೆಯದೇ ತೂಕ.

ಕಾಗದ, ಶಾಯಿ, ಲಕೋಟೆ

ಗೆರೆಯಿಲ್ಲದ ಬಿಳಿ ಎ4 ಹಾಳೆ, ಕಪ್ಪು ಅಥವಾ ಕಡುನೀಲಿ ಬಾಲ್‌ಪಾಯಿಂಟ್ ಪೆನ್, ಸಾದಾ ಬಿಳಿ ಲಕೋಟೆ. ಇಷ್ಟೇ. ಇದಕ್ಕಿಂತ ಚೆಂದ ಮಾಡಲು ಹೋದಷ್ಟೂ ತಿರಸ್ಕಾರದ ಸಂಭವ ಹೆಚ್ಚು.

ಕಾರಣ ಸರಳ. ಕೃತಕ ಮಾದಕ ದ್ರಾವಣದಲ್ಲಿ ಕಾಗದ ಅದ್ದಿ ಒಣಗಿಸಿ ಒಳಗೆ ಕಳಿಸುವ ದಂಧೆ ಹಲವು ದೇಶಗಳ ಜೈಲುಗಳಲ್ಲಿದೆ. ಹಾಗಾಗಿ ಕಲೆ, ವಾಸನೆ, ಅಂಟು, ಎರಡು ಪದರ ಇರುವುದೆಲ್ಲ ಅನುಮಾನಾಸ್ಪದ. ಮಿನುಗುಪುಡಿ, ಸ್ಟಿಕ್ಕರು, ಅತ್ತರು, ತುಟಿಬಣ್ಣದ ಗುರುತು, ಮೇಣದ ಬಣ್ಣ, ಜಲವರ್ಣ, ಒಣಹೂವು, ಟೇಪು, ಸ್ಟೇಪಲ್ ಪಿನ್, ಕ್ಲಿಪ್ಪು, ಸಂಗೀತ ನುಡಿಸುವ ಕಾರ್ಡು, ಒಳಗೆ ಗುಳ್ಳೆಪೊರೆ ಇರುವ ಲಕೋಟೆ, ಇವೆಲ್ಲ ಬೇಡ. ಖಾಲಿ ಹಾಳೆ ಮತ್ತು ಅಂಚೆಚೀಟಿಗಳನ್ನು ಒಳಗಿಡುವುದು ಒಳ್ಳೆಯ ಯೋಚನೆಯಂತೆ ಕಾಣುತ್ತದೆ, ಆದರೆ ಬಹಳ ಜೈಲುಗಳಲ್ಲಿ ಅವು ನಿಷಿದ್ಧ. ರಷ್ಯಾದ ವಿದ್ಯುನ್ಮಾನ ಪತ್ರಸೇವೆಗಳಲ್ಲಿ ಉತ್ತರದ ಹಾಳೆಗೆ ಮೊದಲೇ ಹಣ ಕಟ್ಟುವ ಅನುಕೂಲವಿದೆ. ಅಂಥದ್ದಿದ್ದರೆ ಬಿಡದೆ ಬಳಸಿ.

ಸ್ಕ್ಯಾನ್ ಮಾಡುವ ಜೈಲಾದರೆ ಗಾಢಬಣ್ಣದ ಕಾರ್ಡು ಕೈದಿಗೆ ಸಿಗುವಾಗ ಕಪ್ಪು ಮುದ್ದೆಯಾಗಿರುತ್ತದೆ. ಹಾಳೆಯ ಒಂದೇ ಬದಿಗೆ ಬರೆಯಿರಿ, ನಾಲ್ಕೂ ಕಡೆ ಎರಡು ಸೆಂಟಿಮೀಟರ್ ಅಂಚು ಬಿಡಿ, ಅಕ್ಷರ ದಪ್ಪವಾಗಿರಲಿ. ಹಾಳೆಗಳು ಬೇರೆಬೇರೆಯಾಗುವುದು ಸಾಮಾನ್ಯ, ಆದ್ದರಿಂದ ಪ್ರತಿ ಹಾಳೆಯ ಮೇಲೂ ಕೈದಿಯ ಹೆಸರು, ಸಂಖ್ಯೆ ಮತ್ತು "1/2, 2/2" ಎಂಬ ಪುಟ ಗುರುತು ಬೇಕು. ನಿಮ್ಮ ವಿಳಾಸವನ್ನು ಲಕೋಟೆಯ ಮೇಲಷ್ಟೇ ಅಲ್ಲ, ಪತ್ರದೊಳಗೂ ಬರೆಯಿರಿ. ಲಕೋಟೆಯನ್ನು ಹರಿದು ಎಸೆದು ಹಾಳೆ ಮಾತ್ರ ಕೊಡುವ ಕಡೆಗಳಿವೆ. ಉತ್ತರ ಬರೆಯಬೇಕೆಂದಿದ್ದರೂ ವಿಳಾಸವಿರುವುದಿಲ್ಲ.

ಫೋಟೋ ಎರಡು ಸಾಕು. ಸಾಮಾನ್ಯ ಮುದ್ರಿತ ಪ್ರತಿಯಾಗಿರಲಿ, ಪೋಲರಾಯ್ಡ್ ಬೇಡ. ಮರ, ಸಮುದ್ರ, ನಾಯಿ, ಬೀದಿಯ ಬೆಳಕು. ಪ್ರತಿಭಟನೆಯ ಫಲಕ, ಗುಂಪಿನ ಮುಖಗಳು, ಕೈಸನ್ನೆಗಳು ಬೇಡ. ಹಿಂಬದಿಯಲ್ಲಿ ಕೈದಿಯ ಹೆಸರು ಬರೆಯಿರಿ.

ರಿಜಿಸ್ಟರ್ಡ್ ಅಂಚೆ ಎಲ್ಲ ಪತ್ರಕ್ಕೂ ಬೇಕಿಲ್ಲ. ಹತ್ತರಲ್ಲಿ ಒಂದನ್ನು ಹಾಗೆ ಕಳಿಸಿದರೆ ಅಂಚೆ ಗೇಟಿನವರೆಗೆ ಹೋಗುತ್ತಿದೆಯೇ ಎಂಬುದು ತಿಳಿಯುತ್ತದೆ. ಗೇಟಿನಾಚೆ ಏನಾಯಿತೆಂದು ಸ್ವೀಕೃತಿ ಚೀಟಿ ಹೇಳುವುದಿಲ್ಲ, ಅದನ್ನು ನೆನಪಿಡಿ.

ಏನು ಬರೆಯುವುದು

ಬಹಳ ಜನ ಇಲ್ಲೇ ಪೆನ್ನು ಕೆಳಗಿಡುತ್ತಾರೆ. ದೊಡ್ಡ ಮಾತು ಬರೆಯಬೇಕೆಂಬ ಭಯ. ದೊಡ್ಡ ಮಾತು ಯಾರಿಗೂ ಬೇಕಿಲ್ಲ, ಸೆನ್ಸಾರ್ ನೌಕರನಿಗಂತೂ ಬೇಡವೇ ಬೇಡ. ಒಳಗಿರುವವರಿಗೆ ಬೇಕಾದದ್ದು ಗೋಡೆಯ ಹೊರಗಿನ ದಿನನಿತ್ಯ: ನಿಮ್ಮ ಕಿಟಕಿಯಿಂದ ಏನು ಕಾಣುತ್ತದೆ, ಯಾವ ಗಿಡ ಒಣಗಿತು, ಬಸ್ಸಿನಲ್ಲಿ ಪಕ್ಕದವರು ಯಾಕೆ ಜಗಳವಾಡಿದರು, ನೀವು ಕಲಿಯಲು ಹೋಗಿ ಸೋತದ್ದೇನು. ಒಂದೂವರೆ ಪುಟ ಧಾರಾಳವಾಯಿತು. ಉದ್ದದ ಪತ್ರ ಸೆನ್ಸಾರ್ ಮೇಜಿನ ಮೇಲೆ ಉಳಿದುಬಿಡುತ್ತದೆ.

ಕೈಯಲ್ಲಿ ಏನಾದರೂ ಕೆಲಸ ಕೊಡುವ ಪತ್ರ ಹೆಚ್ಚು ದಿನ ಬಾಳುತ್ತದೆ. ಕೈಯಲ್ಲೇ ಬರೆದ ಪದಬಂಧ, ಗಣಿತದ ಒಗಟು, ಚದುರಂಗದ ಮೊದಲ ನಡೆ, ಒಂದು ಹಕ್ಕಿಯ ರೇಖಾಚಿತ್ರ. ಚದುರಂಗದ ನಡೆಗಳನ್ನು ಅಕ್ಷರ-ಅಂಕಿಯ ಸಂಕೇತದಲ್ಲಿ ಬರೆದರೆ ಗುಪ್ತಭಾಷೆಯೆಂದು ಕೆಲವೆಡೆ ತಡೆಯುತ್ತಾರೆ. "ಬಿಳಿಯ ರಾಜನ ಮುಂದಿನ ಕಾಲಾಳು ಎರಡು ಮನೆ" ಎಂದು ಮಾತಿನಲ್ಲೇ ಬರೆಯುವುದು ಕ್ಷೇಮ.

ಬರೆಯಬಾರದ್ದರಲ್ಲಿ ಮೊದಲನೆಯದು ಪ್ರಕರಣ. ಆರೋಪ ನಿಜವೇ, ಜೊತೆಗಿದ್ದವರು ಯಾರು, ಮುಂದೇನು ಮಾಡುತ್ತೀರಿ ಎಂಬ ಪ್ರಶ್ನೆಗಳು ವಿಚಾರಣೆಯಲ್ಲಿ ಸಾಕ್ಷ್ಯವಾಗಬಲ್ಲವು. ಇತರ ಹೋರಾಟಗಾರರ ಹೆಸರು, ಸಭೆ, ಯೋಜನೆ ಬೇಡ. ಜೈಲಿನ ಅಧಿಕಾರಿಗಳಿಗೆ ಬೈಗುಳವೂ ಬೇಡ. ಅದರ ಬೆಲೆ ತೆರುವವರು ನೀವಲ್ಲ. "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ" ಎನ್ನಬೇಡಿ, ಅರ್ಥವಾಗಿರುವುದಿಲ್ಲ. "ಬೇಗ ಹೊರಬರುತ್ತೀರಿ" ಎಂದೂ ಬೇಡ. ನಿಮ್ಮ ಮನೆಯ ಹಬ್ಬದೂಟದ ವರ್ಣನೆಯನ್ನು ಒಂದು ಸಾಲಿಗೆ ಮೊಟಕುಗೊಳಿಸಿ. ಉತ್ತರ ಬರೆಯಲೇಬೇಕಿಲ್ಲ ಎಂದು ಮಾತ್ರ ಸ್ಪಷ್ಟವಾಗಿ ತಿಳಿಸಿ.

ಭಾಷೆಯ ವಿಷಯದಲ್ಲಿ ರಾಜಿ ಇಲ್ಲ. ರಷ್ಯಾದ ಜೈಲುಗಳಲ್ಲಿ ರಷ್ಯನ್ ಅಲ್ಲದ ಪತ್ರವನ್ನು ಸೆನ್ಸಾರ್ ಓದಲಾರ, ಓದಲಾಗದ್ದನ್ನು ಒಳಗೆ ಬಿಡುವುದಿಲ್ಲ. ಯಂತ್ರಾನುವಾದ ಬಳಸುವುದಾದರೆ ಚಿಕ್ಕ, ಸರಳ ವಾಕ್ಯಗಳನ್ನೇ ಬರೆಯಿರಿ. ಗಾದೆ, ನುಡಿಗಟ್ಟು, ವ್ಯಂಗ್ಯ ಯಂತ್ರದ ಬಾಯಲ್ಲಿ ಬೆದರಿಕೆಯಾಗಿಬಿಡಬಲ್ಲವು. ಭಾಷೆ ಬಲ್ಲವರೊಬ್ಬರು ಕಣ್ಣಾಡಿಸಿದ ಮೇಲೆಯೇ ಕಳಿಸಿ.

ಒಂದು ಮಾದರಿ:

"ಪತ್ರ 1, ನವೆಂಬರ್ 8. ನಮಸ್ಕಾರ. ನಾವು ಪರಿಚಿತರಲ್ಲ. ನಿಮ್ಮ ಬಗ್ಗೆ ಓದಿದೆ, ಹೊಸ ವರ್ಷದ ಹೊತ್ತಿಗೆ ನಿಮಗೊಂದು ಪತ್ರ ಸಿಗಲಿ ಎನಿಸಿತು. ನಾನು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತೇನೆ. ನಮ್ಮ ಕಿಟಕಿಯ ಎದುರಿನ ಮರದಲ್ಲಿ ಎರಡು ಕಾಗೆ ಗೂಡು ಕಟ್ಟುತ್ತಿವೆ. ತಂತಿ, ಹಗ್ಗ, ಯಾರದೋ ಹಲ್ಲುಜ್ಜುವ ಬ್ರಷ್ಷು ಎಲ್ಲ ತಂದು ಸೇರಿಸುತ್ತಿವೆ. ಮುಂದಿನ ಪತ್ರದಲ್ಲಿ ಗೂಡು ಎಲ್ಲಿಗೆ ಬಂತೆಂದು ಬರೆಯುತ್ತೇನೆ. ಕೆಳಗೊಂದು ಒಗಟು ಇದೆ, ಉತ್ತರ ಪತ್ರ 2ರಲ್ಲಿ. ನೀವು ಉತ್ತರ ಬರೆಯಲೇಬೇಕೆಂದಿಲ್ಲ. ಆರೋಗ್ಯ ನೋಡಿಕೊಳ್ಳಿ."

ಪತ್ರಕ್ಕೆ ಸಂಖ್ಯೆ ಹಾಕುವುದು ಕೇವಲ ಅಚ್ಚುಕಟ್ಟಲ್ಲ. 1 ಮತ್ತು 3 ಸಿಕ್ಕಿ 2 ಸಿಗದಿದ್ದರೆ ಏನೋ ತಡೆಯಲಾಗಿದೆ ಎಂಬುದು ಕೈದಿಗೆ ಗೊತ್ತಾಗುತ್ತದೆ. ವಕೀಲರಿಗೆ ಅದು ದಾಖಲೆ.

ಹನ್ನೆರಡು ಜನ ಸೇರಿ ಬರೆಯುವ ಸಂಜೆ

ಹನ್ನೆರಡು ಜನ, ಎರಡು ಗಂಟೆ, ನಾಲ್ಕು ಕೈದಿಗಳು: ಇದು ಕೈಗೆಟುಕುವ ಅಳತೆ. ತಲಾ ಎರಡು ಪತ್ರವೆಂದರೆ 24. ಕೆಟ್ಟುಹೋಗುವುದೂ ಸೇರಿ 60 ಹಾಳೆ, 30 ಲಕೋಟೆ, 15 ಪೆನ್ನು ಬೇಕು. ಪ್ರತಿ ಕೈದಿಗೂ ಒಂದು ಪುಟದ ಮಾಹಿತಿ ಹಾಳೆ ಮಾಡಿ: ಹೆಸರು, ಮೇಲಿನಂತೆ ನಿಖರ ವಿಳಾಸ, ಭಾಷೆ, ಆಸಕ್ತಿಗಳು, ಆ ಜೈಲಿನ ನಿಷೇಧಗಳು. ವಿಳಾಸವನ್ನು ಮುದ್ರಿತ ಚೀಟಿಯಲ್ಲಿ ಅಂಟಿಸಬೇಡಿ, ಲಕೋಟೆಯ ಮೇಲೆ ಕೈಯಲ್ಲೇ ಬರೆಯಿರಿ. ಅಂಟಿಸಿದ ಚೀಟಿಯೂ ಕೆಲವರ ಕಣ್ಣಿಗೆ ಸ್ಟಿಕ್ಕರೇ.

ಬಾಗಿಲ ಬಳಿ ಒಂದು ತಪಾಸಣೆ ಮೇಜು ಇರಲಿ. ಅಲ್ಲಿ ಕೂತವರು ಪ್ರತಿ ಪತ್ರವನ್ನೂ ಸೆನ್ಸಾರ್ ಕಣ್ಣಿನಿಂದ ಓದುತ್ತಾರೆ, ಸಂಖ್ಯೆ ನೋಡುತ್ತಾರೆ, ನೋಂದಣಿ ಪುಸ್ತಕದಲ್ಲಿ ಬರೆಯುತ್ತಾರೆ, ಆಮೇಲೆ ಲಕೋಟೆ ಮುಚ್ಚುತ್ತಾರೆ. ಈ ಕೆಲಸಕ್ಕೆ ಸ್ವಲ್ಪ ಕಟುವಾಗಿ ಮಾತಾಡಬಲ್ಲವರೇ ವಾಸಿ. ಮಿನುಗುಪುಡಿ ತಂದವರಿಗೆ ಇಲ್ಲ ಎನ್ನಲು ಧೈರ್ಯ ಬೇಕು.

ಒಂದು ಲಕೋಟೆಯಲ್ಲಿ ಒಂದೇ ಪತ್ರ. ಹತ್ತು ಪತ್ರ ಒಂದೇ ಕಟ್ಟಿನಲ್ಲಿದ್ದರೆ ಒಂದರ ತಪ್ಪಿಗೆ ಹತ್ತೂ ಹಿಂದಿರುಗುತ್ತವೆ. ಎಲ್ಲವನ್ನೂ ಒಂದೇ ದಿನ ಡಬ್ಬಿಗೆ ಹಾಕಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಐದಾರು ಹಾಕಿ. ಒಂದೇ ಒಕ್ಕಣೆಯ ಮುದ್ರಿತ ಕಾರ್ಡುಗಳಲ್ಲಿ ಒಳಗಿನವರಿಗೆ ಓದಲು ಏನೂ ಇರುವುದಿಲ್ಲ. ಆದರೆ ಲಕೋಟೆಗಳ ಎಣಿಕೆಗೇ ಒಂದು ಶಕ್ತಿಯಿದೆ. 1975ರಲ್ಲಿ ಡೊಮಿನಿಕನ್ ಗಣರಾಜ್ಯದ ಜೈಲಿನಲ್ಲಿದ್ದ ಕಾರ್ಮಿಕ ನಾಯಕ ಹೂಲಿಯೊ ದೆ ಪೆನ್ಯ ವಾಲ್ದೆಸ್ ಬಿಡುಗಡೆಯ ನಂತರ ನೆನಪಿಸಿಕೊಂಡ ಪ್ರಕಾರ, ಮೊದಲ 200 ಪತ್ರ ಬಂದಾಗ ಕಾವಲಿನವರು ಬಟ್ಟೆ ಹಿಂದಿರುಗಿಸಿದರು, ಮುಂದಿನ 200 ಬಂದಾಗ ಜೈಲಿನ ಮುಖ್ಯಸ್ಥನೇ ನೋಡಲು ಬಂದ. ಹೊರಗೆ ಜನರಿದ್ದಾರೆ ಎಂಬ ಸಂದೇಶ ಕಾವಲಿನವರಿಗೂ ತಲುಪುತ್ತದೆ. ಮಂತ್ರಿಗೆ, ರಾಯಭಾರಿಗೆ ಬರೆಯುವ ಮನವಿ ಬೇರೆ ಲಕೋಟೆ, ಬೇರೆ ವಿಳಾಸ, ಬೇರೆ ಭಾಷೆ. ಅದರ ಪ್ರತಿಯನ್ನು ಕೈದಿಗೆ ಕಳಿಸಬೇಡಿ.

ಕೂಟದಲ್ಲಿ ಫೋಟೋ ತೆಗೆಯುವ ಮುನ್ನ ಕೇಳಿ. ಮರುವಿಳಾಸಕ್ಕೆ ಮನೆಯದರ ಬದಲು ಅಂಚೆಪೆಟ್ಟಿಗೆ ಸಂಖ್ಯೆ ಕೊಡಬಹುದು. ಆದರೆ ಕಳಿಸುವವರ ನಿಜವಾದ ಪೂರ್ಣ ಹೆಸರು ಕಡ್ಡಾಯವಾಗಿರುವ ಜೈಲುಗಳಿವೆ. ಅಲ್ಲಿ ಹೆಸರು ಕೊಡಲು ಹಿಂಜರಿಯುವವರು ತಪಾಸಣೆ ಮೇಜಿನಲ್ಲಿ ಕೂರಲಿ.

ಹಣ, ಪುಸ್ತಕ, ಪಾರ್ಸೆಲ್

ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹೆಚ್ಚು ಹಾನಿಯಾಗುತ್ತದೆ. ಹಲವು ದೇಶಗಳಲ್ಲಿ ಕೈದಿಗೆ ವರ್ಷಕ್ಕೆ ಇಷ್ಟೇ ಪಾರ್ಸೆಲ್, ಇಷ್ಟೇ ತೂಕ ಎಂಬ ಮಿತಿಯಿದೆ. ನೀವು ಹೇಳದೆ ಕಳಿಸಿದ ಹಬ್ಬದ ಡಬ್ಬಿ ಆ ಮಿತಿಯನ್ನು ನುಂಗುತ್ತದೆ. ತಾಯಿಯೋ ಹೆಂಡತಿಯೋ ಔಷಧಿ, ಬೆಚ್ಚನೆಯ ಬಟ್ಟೆ ತುಂಬಿ ಕಳಿಸಿದ ಪಾರ್ಸೆಲ್ ಗೇಟಿನಿಂದ ಹಿಂದಿರುಗುತ್ತದೆ. ಕುಟುಂಬವನ್ನು ಕೇಳದೆ ಪಾರ್ಸೆಲ್ ಕಳಿಸಲೇಬೇಡಿ. ಅವರು ಕಟ್ಟುತ್ತಿರುವ ಪಾರ್ಸೆಲ್‌ನ ಖರ್ಚು ಕೊಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಜೈಲಿನೊಳಗಿನ ಖರ್ಚಿಗೆಂದು ಕೈದಿಯ ಕ್ಯಾಂಟೀನ್ ಖಾತೆಗೆ ಹಣ ಹಾಕುವುದಿದ್ದರೂ ಅಷ್ಟೇ. ತಿಂಗಳಿಗೆ ಖರ್ಚು ಮಾಡುವ ಮಿತಿ ಇರುವ ಕಡೆ ಡಿಸೆಂಬರಿನಲ್ಲಿ ಸುರಿದ ದೊಡ್ಡ ಮೊತ್ತ ಸುಮ್ಮನೆ ಕೂರುತ್ತದೆ. ದಂಡ, ಪರಿಹಾರದ ಬಾಕಿ ಇದ್ದರೆ ಜಮೆಯಾದದ್ದರಲ್ಲಿ ಒಂದು ಪಾಲು ಕಡಿತವೂ ಆಗಬಹುದು. ಆರು ಜನ ಸೇರಿ ಆರು ತಿಂಗಳು, ತಿಂಗಳಿಗೊಬ್ಬರಂತೆ ಹಾಕಿದರೆ ಸೋಪು, ಕಾಗದ, ಫೋನ್ ಕರೆಗೆ ತೊಂದರೆಯಾಗುವುದಿಲ್ಲ.

ಹಣ ಕಳಿಸುವ ಮುನ್ನ ಕಾನೂನು ನೋಡಿ. ಬೆಲಾರೂಸಿನಲ್ಲಿ 2024ರ ಜನವರಿಯಲ್ಲಿ ರಾಜಕೀಯ ಕೈದಿಗಳ ಕುಟುಂಬಗಳ ಹಾಗೂ ಅವರಿಗೆ ನೆರವಾದವರ ಮನೆಗಳ ಮೇಲೆ ದೊಡ್ಡ ಪ್ರಮಾಣದಲ್ಲಿ ದಾಳಿ ನಡೆಯಿತು. ಆಹಾರದ ಪಾರ್ಸೆಲ್‌ಗೆ ನೆರವು ಪಡೆದದ್ದೇ ಅಪರಾಧವೆನಿಸಿತು. ಇಂಥ ದೇಶಕ್ಕೆ ಹೊರಗಿನಿಂದ ನೇರ ಹಣ ಕಳಿಸುವುದು ಪಡೆದವರನ್ನೇ ಸಿಕ್ಕಿಸುವ ಕೆಲಸ. ದಾರಿ ಯಾವುದೆಂದು ಆ ದೇಶದ ಬೆಂಬಲ ಸಮಿತಿಯವರೇ ಹೇಳಲಿ.

ಪುಸ್ತಕಗಳಿಗೆ ನಿಯಮ ಹಲವು ಕಡೆ ಒಂದೇ ತರಹ: ಹೊಸದು, ಮೆದುರಟ್ಟಿನದು, ಪ್ರಕಾಶಕರಿಂದ ಅಥವಾ ಪುಸ್ತಕದಂಗಡಿಯಿಂದ ನೇರವಾಗಿ, ಬಿಲ್ ಸಮೇತ. ಗಟ್ಟಿರಟ್ಟು, ಸುರುಳಿ ತಂತಿ, ಹಳೆಯ ಪ್ರತಿ ಬೇಡ. ನಕ್ಷೆಗಳಿರುವ ಪುಸ್ತಕವನ್ನೂ ಕೆಲವೆಡೆ ತಡೆಯುತ್ತಾರೆ, ಪಲಾಯನದ ಭಯ. ಕೋಣೆಯಲ್ಲಿ ಇಟ್ಟುಕೊಳ್ಳಬಹುದಾದ ಪುಸ್ತಕಗಳ ಎಣಿಕೆಗೂ ಮಿತಿಯಿರುವುದರಿಂದ ಯಾವುದು ಬೇಕೆಂದು ಕೇಳಿ ಒಂದೊಂದೇ ಕಳಿಸಿ.

ಹೊರಗುಳಿದ ಕುಟುಂಬ

ಹಬ್ಬದ ವಾರ ಭೇಟಿಯ ದಿನ ಬದಲಾಗಿದೆಯೇ ಎಂದು ಮೊದಲೇ ವಿಚಾರಿಸುವುದು, ದೂರದ ಜೈಲಿಗೆ ಹೋಗಿಬರುವ ಖರ್ಚು, ಆ ದಿನ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು, ವಯಸ್ಸಾದವರ ಜೊತೆ ಸಾಲಿನಲ್ಲಿ ನಿಲ್ಲುವುದು: ಕುಟುಂಬಕ್ಕೆ ಬೇಕಾದದ್ದು ಇಂಥವು. "ಏನಾದರೂ ಬೇಕಿದ್ದರೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. "ಗುರುವಾರ ನನ್ನ ಹತ್ತಿರ ಕಾರಿದೆ, ಬೆಳಿಗ್ಗೆ ಆರಕ್ಕೆ ಬರಲೇ?" ಎಂದು ಕೇಳಿ. ಬೇಡ ಎಂದರೆ ಒತ್ತಾಯಿಸಬೇಡಿ.

ಹೊಸ ವರ್ಷದ ರಾತ್ರಿ ಜೈಲಿನ ಗೋಡೆಯ ಹೊರಗೆ ತಮಟೆ, ತಟ್ಟೆ ಬಡಿದು ಒಳಗಿನವರಿಗೆ ಕೇಳಿಸುವ ರೂಢಿ ಹಲವು ದೇಶಗಳಲ್ಲಿದೆ. ಒಳಗಿನಿಂದ ಸಮ್ಮತಿ ಬಂದಿದ್ದರೆ ಮಾತ್ರ ಮಾಡಿ. ಗದ್ದಲದ ನೆಪದಲ್ಲಿ ಮರುದಿನದ ಭೇಟಿ ರದ್ದಾದರೆ ನಷ್ಟ ಅವರದು.

ಪತ್ರ ಹಿಂದಿರುಗಿದರೆ, ಅಥವಾ ಏನೂ ಬರದಿದ್ದರೆ

ಹಿಂದಿರುಗಿದ ಲಕೋಟೆಯನ್ನು ಎಸೆಯಬೇಡಿ. ಮುದ್ರೆ, ದಿನಾಂಕ, ಗೀಚಿದ ಕಾರಣ ಎಲ್ಲವೂ ಕಾಣುವಂತೆ ಫೋಟೋ ತೆಗೆದು ನೋಂದಣಿ ಪುಸ್ತಕದಲ್ಲಿ ಬರೆದಿಡಿ. ವಿಳಾಸದ ಅಥವಾ ವಸ್ತುವಿನ ತಪ್ಪಾದರೆ ಸರಿಪಡಿಸಿ ಅದೇ ವಾರ ಮತ್ತೆ ಕಳಿಸಿ. ಕಾರಣವೇ ಇಲ್ಲದಿದ್ದರೆ ಜೈಲಿನ ಮುಖ್ಯಸ್ಥರಿಗೆ ಎರಡು ಸಾಲಿನ, ಸಭ್ಯ ಪತ್ರ ಬರೆದು ಯಾವ ನಿಯಮದಡಿ ತಡೆದಿರೆಂದು ಲಿಖಿತವಾಗಿ ಕೇಳಿ. ವಿಶ್ವಸಂಸ್ಥೆಯ ಮಹಾಸಭೆ 2015ರ ಡಿಸೆಂಬರ್ 17ರಂದು ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 58ನೆಯದು ಕೈದಿಗೆ ಕುಟುಂಬದವರು, ಸ್ನೇಹಿತರ ಜೊತೆ ಪತ್ರವ್ಯವಹಾರದ ಅವಕಾಶ ಇರಬೇಕೆನ್ನುತ್ತದೆ. ಇವು ಕಾನೂನಿನಂತೆ ಬಂಧಿಸುವ ನಿಯಮಗಳಲ್ಲ, ಆದರೂ ಉಲ್ಲೇಖಿಸಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಮೂರು ಪತ್ರ ಸತತವಾಗಿ ಹಿಂದಿರುಗಿದರೆ ದಾಖಲೆಯನ್ನೆಲ್ಲ ವಕೀಲರಿಗೆ ಕೊಡಿ.

ಮೌನಕ್ಕೆ ಹತ್ತು ಕಾರಣಗಳಿರುತ್ತವೆ. ಕಾಗದವಿಲ್ಲ, ಅಂಚೆಚೀಟಿಗೆ ದುಡ್ಡಿಲ್ಲ, ಏಕಾಂತ ಸೆರೆ, ಅಥವಾ ಬರೆಯಬಹುದಾದ ಪತ್ರಗಳ ಮಿತಿ. ಸ್ವತಃ ಮಂಡೇಲಾರಿಗೆ ದಕ್ಷಿಣ ಆಫ್ರಿಕಾದ ರಾಬನ್ ದ್ವೀಪದ ಜೈಲಿನ ಮೊದಲ ವರ್ಷಗಳಲ್ಲಿ ಆರು ತಿಂಗಳಿಗೆ 500 ಪದದ ಒಂದೇ ಪತ್ರಕ್ಕೆ ಅವಕಾಶವಿತ್ತು. ಅಂಥವರು ಆ ಒಂದನ್ನು ಮನೆಗೆ ಬರೆಯುತ್ತಾರೆ, ನಿಮಗಲ್ಲ. ಉತ್ತರ ಬಂದರೆ ಅದರ ಚಿತ್ರವನ್ನು ಸಾಮಾಜಿಕ ಜಾಲತಾಣಕ್ಕೆ ಏರಿಸಬೇಡಿ. ಬರೆದವರ ಒಪ್ಪಿಗೆ ಪತ್ರದಲ್ಲೇ ಇದ್ದರೆ ಮಾತ್ರ ಹಂಚಿಕೊಳ್ಳಿ.

ಜನವರಿಯ ನಂತರ

ಡಿಸೆಂಬರಿನಲ್ಲಿ ಮೂವತ್ತು ಕಾರ್ಡು, ಫೆಬ್ರವರಿಯಲ್ಲಿ ಸೊನ್ನೆ. ಬಹುತೇಕ ಅಭಿಯಾನಗಳು ಎಡವುವುದು ಇಲ್ಲಿ. ಕೂಟ ಮುಗಿಯುವ ಮುನ್ನವೇ ಪ್ರತಿ ಕೈದಿಗೂ ಮೂವರನ್ನು ಗೊತ್ತುಮಾಡಿ, ಸರದಿಯಂತೆ ತಿಂಗಳಿಗೊಂದು ಪತ್ರ ಹೋಗಲಿ. ಹುಟ್ಟುಹಬ್ಬ, ವಿಚಾರಣೆಯ ದಿನ, ಬಂಧನವಾಗಿ ವರ್ಷ ತುಂಬುವ ದಿನ, ಇವನ್ನು ನೋಂದಣಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದು, ಪ್ರತಿಯೊಂದಕ್ಕೂ ಅಂಚೆಗೆ ಹಾಕಬೇಕಾದ ದಿನವನ್ನು ಮೇಲಿನ ಲೆಕ್ಕದಂತೆ ಹಿಂದಕ್ಕೆ ಗುರುತಿಸಿ.

ಬರೆಯಲಾಗದ ಪರಿಸ್ಥಿತಿ ನಿಮಗೂ ಬರಬಹುದು. ಆಗ ಸುಮ್ಮನೆ ನಿಲ್ಲಿಸಬೇಡಿ. ಪತ್ರ ಯಾಕೆ ಬರುತ್ತಿಲ್ಲ, ತಡೆದರೇ, ನನ್ನಿಂದ ಏನಾದರೂ ತಪ್ಪಾಯಿತೇ ಎಂದು ಒಳಗಿರುವವರು ತಿಂಗಳುಗಟ್ಟಲೆ ಯೋಚಿಸುತ್ತಾರೆ. "ಇದು ನನ್ನ ಕೊನೆಯ ಪತ್ರ, ಮುಂದಿನ ತಿಂಗಳಿನಿಂದ ಇಂಥವರು ಬರೆಯುತ್ತಾರೆ" ಎಂದು ಎರಡು ಸಾಲು ಬರೆದು, ಮುಂದೆ ಬರೆಯುವವರ ವಿಳಾಸವನ್ನೂ ಅದೇ ಹಾಳೆಯಲ್ಲಿ ಸೇರಿಸಿ, ಸಂಖ್ಯೆ ಹಾಕಿ ಕಳಿಸಿ.